ರನ್‌ವೇ ಇದೆ, ಟರ್ಮಿನಲ್ ಎಲ್ಲಿ ಹೋಯ್ತು?

ಪ್ರಶ್ನೆ: ಎಕ್ಸ್-ಪ್ಲೇನ್ 12 ಅನ್ನೋ ವಿಮಾನ ಸಿಮ್ಯುಲೇಟರ್‌ಗೆ ಒಂದು ಏರ್‌ಪೋರ್ಟ್ ಸೀನರಿ ಹಾಕಿದ್ದೆ, ಚೆನ್ನಾಗೇ ಇತ್ತು. ಆಮೇಲೆ ಅದೇ ಜಾಗಕ್ಕೆ ಆರ್ಥೋ ಟೈಲ್ (ಮೇಲಿಂದ ತೆಗೆದ ಫೋಟೋ ಹೊದಿಸಿದ ನೆಲದ ತುಂಡು) ಹಾಕಿದೆ ನೋಡಿ, ರನ್‌ವೇ ಇದೆ, ಬಿಲ್ಡಿಂಗ್ ಒಂದೂ ಇಲ್ಲ. ಎಲ್ಲಾ ಡಿಲೀಟ್ ಮಾಡಿ ಮತ್ತೆ ಹಾಕ್ಬೇಕಾ?

ಉತ್ತರ: ಏನೂ ಡಿಲೀಟ್ ಮಾಡ್ಬೇಡಿ ಮಾರಾಯ್ರೇ, ಫೈಲ್‌ಗಳೆಲ್ಲಾ ಸರಿಯಾಗೇ ಇವೆ, ಕೆಟ್ಟಿರೋದು ಅವುಗಳ ಕ್ರಮ. ಕಸ್ಟಮ್ ಸೀನರಿ ಫೋಲ್ಡರ್ ಒಳಗೆ ಸೀನರಿ_ಪ್ಯಾಕ್ಸ್.ಐಎನ್‌ಐ ಅಂತ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇರುತ್ತೆ, ಅದ್ರಲ್ಲಿ ಮೇಲಿರೋದಕ್ಕೆ ಮೊದಲ ಮರ್ಯಾದೆ. ಆರ್ಥೋ ಅಂದ್ರೆ ಬರೀ ಫೋಟೋ ಅಲ್ಲ, ಇಡೀ ನೆಲಾನೇ ಅದು, ಆ ನೆಲ ಲಿಸ್ಟಲ್ಲಿ ಮೇಲೆ ಕೂತ್ರೆ ಅದ್ರ ಕೆಳಗಿರೋ ಸೀನರಿಗಳನ್ನ ಆ ಟೈಲ್‌ಗೆ ಸಿಮ್ಯುಲೇಟರ್ ನೋಡೋದೇ ಇಲ್ಲ. ರನ್‌ವೇ ಯಾಕೆ ಉಳೀತು ಅಂದ್ರೆ ಅದರ ಡೇಟಾ ಬೇರೆ ಫೈಲಲ್ಲಿ ಇರುತ್ತೆ.

ಆರ್ಥೋ ಟೈಲ್ ಮಾಡೋ ಆರ್ಥೋ4ಎಕ್ಸ್‌ಪಿ ಅನ್ನೋ ಸಾಫ್ಟ್‌ವೇರ್ ತನ್ನ ಫೋಲ್ಡರ್ ಹೆಸರಿನ ಮುಂದೆ ಝಡ್ ಹಾಕೋದು ಅದು ಕೊನೇಲಿ ಇರ್ಲಿ ಅಂತಾನೇ. ಆದ್ರೆ ಹೊಸದಾಗಿ ಹಾಕಿದ ಪ್ಯಾಕ್‌ನ (ಅಂದ್ರೆ ಸೀನರಿ ಫೋಲ್ಡರ್‌ನ) ಎಕ್ಸ್-ಪ್ಲೇನ್ ಲಿಸ್ಟಿನ ತಲೆ ಮೇಲೇ ತಂದು ಕೂರಿಸುತ್ತೆ, ಹೆಸರು ಏನೇ ಇರ್ಲಿ. ಸಿಮ್ ಕ್ಲೋಸ್ ಮಾಡಿ, ಫೈಲ್‌ನ ನೋಟ್‌ಪ್ಯಾಡಲ್ಲಿ ತೆಗೆದು, ಆರ್ಥೋ ಇರೋ ಸಾಲು ಕಟ್ ಮಾಡಿ ಕೊನೆಗೆ ಪೇಸ್ಟ್ ಮಾಡಿ, ಏರ್‌ಪೋರ್ಟ್‌ಗಳು ಮೇಲೆ, ಓವರ್‌ಲೇ (ನೆಲದ ಮೇಲೆ ಕೂರೋ ರಸ್ತೆ, ಮರ, ಕಟ್ಟಡ) ಮಧ್ಯ, ಆರ್ಥೋ ತಳದಲ್ಲಿ, ಇಷ್ಟೇ.

ಆ ಫೈಲ್‌ನೇ ಅಳಿಸಿ ಬಿಡಿ, ಹೊಸದು ತಾನೇ ಹುಟ್ಕೊಳ್ಳುತ್ತೆ ಅಂತ ಹೇಳೋರೂ ಇದಾರೆ. ಹುಟ್ಟುತ್ತೆ ನಿಜ, ಅಕ್ಷರದ ಕ್ರಮದಲ್ಲಿ, ಕೆಲವು ಸಲ ಅದ್ರಿಂದಾನೇ ಸರಿನೂ ಹೋಗುತ್ತೆ, ಆದ್ರೆ ನೀವು ಕೂತು ಜೋಡಿಸಿದ ಕ್ರಮ, ಡಿಸೇಬಲ್ ಮಾಡಿಟ್ಟಿದ್ದು ಎಲ್ಲಾ ಹೋಗುತ್ತೆ. ನನಗಂತೂ ಇಷ್ಟ ಇಲ್ಲ, ಮೊದ್ಲು ಒಂದು ಕಾಪಿ ಇಟ್ಕೊಳ್ಳಿ.

ಪ್ರಶ್ನೆ: ಲೋಡ್ ಆಗುವಾಗ ಸೀನರಿ ಸರಿಯಾಗಿ ಕಾಣದೇ ಇರಬಹುದು, ಲಾಗ್ ನೋಡಿ ಅಂತ ಮೆಸೇಜ್ ಬರುತ್ತೆ. ಆ ಲಾಗಲ್ಲಿ ಏನಂತ ಹುಡುಕ್ಲಿ?

ಉತ್ತರ: ಹೆಚ್ಚಾಗಿ ಅದು ಲೈಬ್ರರಿ (ಹಲವು ಸೀನರಿಗಳು ಹಂಚ್ಕೊಳ್ಳೋ ವಸ್ತುಗಳ ಸಂಗ್ರಹ) ಇಲ್ಲ ಅಂತ ಗೋಳು. ಸೀನರಿ ಮಾಡಿದವರು ಓಪನ್‌ಸೀನರಿಎಕ್ಸ್ ತರದ ಲೈಬ್ರರಿಯಿಂದ ಮರ, ಗಾಡಿ, ಬೇಲಿ ಎಲ್ಲಾ ಎರವಲು ತಂದಿರ್ತಾರೆ, ಅದು ನಿಮ್ಮ ಹತ್ರ ಇರಲ್ಲ. ಮೇನ್ ಫೋಲ್ಡರಲ್ಲಿರೋ ಲಾಗ್.ಟಿಎಕ್ಸ್‌ಟಿ ತೆಗೆದು ಆ ಸೀನರಿ ಹೆಸರು ಹುಡುಕಿ, ಸಿಗದೇ ಇರೋ ಆಬ್ಜೆಕ್ಟ್‌ನ ಪಾತ್‌ನಲ್ಲೇ ಲೈಬ್ರರಿಯ ಸುಳಿವು ಇರುತ್ತೆ. ಮತ್ತೆ ಸ್ಟಾರ್ಟ್ ಮಾಡೋಕೆ ಮುಂಚೆ ನೋಡಿ, ಪ್ರತಿ ಸಲ ಲಾಗ್ ಹೊಸದಾಗಿ ಬರೆಯುತ್ತೆ, ಆ ಫೈಲಲ್ಲಿ ಹಳೇದು ಉಳಿಯಲ್ಲ. ಲೈಬ್ರರಿ ಲಿಸ್ಟಲ್ಲಿ ಎಲ್ಲಿದ್ರೂ ನಡೆಯುತ್ತೆ, ತಲೆ ಕೆಡಿಸ್ಕೋಬೇಡಿ.

ಪ್ರಶ್ನೆ: ಝಿಪ್ ಬಿಚ್ಚಿ ಹಾಕಿದೀನಿ, ಎರರೂ ಇಲ್ಲ, ಸೀನರಿನೂ ಇಲ್ಲ!

ಉತ್ತರ: ಫೋಲ್ಡರ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಇದ್ಯಾ ನೋಡಿ. ಅರ್ಥ್ ನ್ಯಾವ್ ಡೇಟಾ ಅನ್ನೋದು ಪ್ಯಾಕ್ ತೆಗೆದ ತಕ್ಷಣ ಕಾಣ್ಬೇಕು, ಇಲ್ಲಾಂದ್ರೆ ಒಳಗಿನ ಫೋಲ್ಡರ್‌ನ ಒಂದು ಮೆಟ್ಟಿಲು ಆಚೆ ಎಳೀರಿ.