ಈಗ ಅದಕ್ಕೆ ಕಿವಿ ಕೇಳಿಸುವುದಿಲ್ಲವಾ?

ಕಣ್ಣಿಗೆ ಕಾಣದ ಜೀವಿಗಳು ಪಟ್ಟಣದ ಜನರನ್ನು ಮುತ್ತುವ ನಿಮ್ಮ ಕಿರುಚಿತ್ರದಲ್ಲಿ ಆ ಜೀವಿಗಳನ್ನು ಕೊನೆಗಾದರೂ ತೋರಿಸಬೇಕೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

ನಮ್ಮದು 22 ನಿಮಿಷಗಳ ಚಿತ್ರ. ಹನ್ನೊಂದು ಮಂದಿ ಹಳೆಯ ಗೋದಾಮಿನೊಳಗೆ ಸಿಕ್ಕಿಬಿದ್ದಿರುತ್ತಾರೆ, ಹೊರಗೆ ಏನೋ ಓಡಾಡುತ್ತಿರುತ್ತದೆ. ಅದನ್ನು ತೋರಿಸಲು ನಮ್ಮಲ್ಲಿ ಹಣವಿರಲಿಲ್ಲ. ಆದ್ದರಿಂದ ತೋರಿಸದಿರುವುದೇ ಕಲೆ ಎಂದು ನಮಗೆ ನಾವೇ ಹೇಳಿಕೊಂಡೆವು. 1975ರ ‘ಜಾಸ್’ ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಪದೇ ಪದೇ ಕೆಟ್ಟು ನಿಂತದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಬಹುಪಾಲು ನೀರಿನಡಿಯಲ್ಲೇ ಉಳಿಸಬೇಕಾಯಿತೆಂಬ ಕತೆಯನ್ನು ತಂಡಕ್ಕೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಬಾಗಿಲಿನ ಅಗುಳಿಗೆ ನೈಲಾನ್ ದಾರ ಕಟ್ಟಿ, ಅದು ಬೆರಳಿನಗಲ ಮೇಲೆದ್ದು, ಅಲ್ಲೇ ಒಂದು ಕ್ಷಣ ನಿಂತು, ಮತ್ತೆ ಮೆಲ್ಲಗೆ ಕೂರುವಂತೆ ಮಾಡುವುದರಲ್ಲಿಯೇ ಒಂದು ಇಡೀ ರಾತ್ರಿ ಕಳೆದೆವು. ಆ ಒಂದು ಶಾಟ್ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ತಪ್ಪಾದದ್ದು ಬೇರೆಡೆ. ಮೂರನೆಯ ನಿಮಿಷದಲ್ಲಿ ಒಬ್ಬನ ಕೈಯಿಂದ ಕೀಲಿಗೊಂಚಲು ಜಾರಿ ಬೀಳುತ್ತದೆ, ಆ ಸದ್ದು ಹಿಡಿದು ಬಂದ ಜೀವಿ ಅವನನ್ನು ಕತ್ತಲೊಳಕ್ಕೆ ಎಳೆದೊಯ್ಯುತ್ತದೆ. ಅಂದರೆ ಸದ್ದಾದರೆ ಸಾವು ಎಂದು ನಾವೇ ಪ್ರೇಕ್ಷಕನಿಗೆ ಬರೆದುಕೊಟ್ಟೆವು. ಹನ್ನೆರಡನೆಯ ನಿಮಿಷದಲ್ಲಿ ಅದೇ ಬಾಗಿಲ ಬಳಿ ಅಣ್ಣ ತಮ್ಮಂದಿರಿಬ್ಬರು ಗಂಟಲು ಹರಿಯುವಂತೆ ಎರಡು ನಿಮಿಷ ಜಗಳವಾಡುತ್ತಾರೆ, ಆದರೆ ಏನೂ ಆಗುವುದಿಲ್ಲ. ಸಂಭಾಷಣೆ ಬರೆದವನು ನಾನು, ಅದರ ಮೇಲೆ ನನಗೆ ವಿಪರೀತ ಮೋಹ. ಹಾಗಾಗಿ ಬರೆಯುವಾಗಲೂ, ಚಿತ್ರೀಕರಿಸುವಾಗಲೂ, ಸಂಕಲನದಲ್ಲಿ ಹಿಂದೆ ಮುಂದೆ ಓಡಿಸಿ ಹತ್ತಾರು ಸಲ ನೋಡುವಾಗಲೂ ಈ ಎಡವಟ್ಟು ನನಗೆ ಹೊಳೆಯಲೇ ಇಲ್ಲ. ಮೊದಲ ಪ್ರದರ್ಶನದಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ, “ಈಗ ಅದಕ್ಕೆ ಕಿವಿ ಕೇಳಿಸುವುದಿಲ್ಲವಾ?” ಎಂದ. ಸಭಾಂಗಣವೆಲ್ಲ ನಕ್ಕಿತು. ಆಮೇಲೆ ಅಗುಳಿ ಮೇಲೆದ್ದಾಗಲೂ ನಕ್ಕರು.

ತೋರಿಸಬೇಕೇ ಬೇಡವೇ ಎಂಬುದು ನನ್ನ ದೃಷ್ಟಿಯಲ್ಲಿ ಪ್ರಶ್ನೆಯೇ ಅಲ್ಲ. ಆ ಜೀವಿಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. 1990ರ ‘ಟ್ರೆಮರ್ಸ್’ ಚಿತ್ರ ನೆಲದಡಿ ಓಡಾಡುವ ತನ್ನ ಜೀವಿಗಳನ್ನು ಧಾರಾಳವಾಗಿಯೇ ತೋರಿಸುತ್ತದೆ, ಆದರೂ ನೆವಾಡಾದ ಆ ಪುಟ್ಟ ಊರಿನವರ ದಿಗಿಲು ತಗ್ಗುವುದಿಲ್ಲ, ಏಕೆಂದರೆ ಅವು ನೆಲದ ಕಂಪನ ಹಿಡಿದು ಬರುತ್ತವೆ: ಬಂಡೆ ಹತ್ತಿದವನು ಬದುಕುತ್ತಾನೆ, ಆದರೆ ಇಳಿಯುವಂತಿಲ್ಲ. ಊರು ಬಿಟ್ಟು ಹೋಗಬಾರದೇಕೆ ಎಂದು ಯಾರೂ ಕೇಳದಂತೆ ದಾರಿಯನ್ನೂ ಫೋನನ್ನೂ ಮೊದಲೇ ಮುಚ್ಚಿರುತ್ತಾರೆ. ಜೀವಿಗಳಿಗಿಂತ ಒಳಗಿನ ಜನರೇ ಭಯಂಕರವಾಗಬೇಕು ಎನ್ನುವವರು ನಿಮಗೆ, ಸೂಪರ್‌ಮಾರ್ಕೆಟ್ಟಿನೊಳಗೆ ಸಿಕ್ಕಿಬಿದ್ದವರ ಕತೆಯಾದ 2007ರ ‘ದಿ ಮಿಸ್ಟ್’ ಚಿತ್ರದ ಹೆಸರು ಹೇಳಿಯೇ ಹೇಳುತ್ತಾರೆ. ಆದರೆ ಅಲ್ಲಿಯೂ ರಾತ್ರಿ ದೀಪ ಉರಿದರೆ ದೈತ್ಯ ಕೀಟಗಳು ಸೂಪರ್‌ಮಾರ್ಕೆಟ್ಟಿನ ಗಾಜಿಗೆ ಬಂದು ಮುತ್ತುತ್ತವೆ, ಅವು ದೀಪವನ್ನು ಮರೆಯುವುದಿಲ್ಲ.

ನಿಮ್ಮ ಕತೆಯಲ್ಲೂ ಜಗಳದ ದೃಶ್ಯ ಇದ್ದೇ ಇರುತ್ತದೆ. ನಿಮ್ಮ ಜೀವಿ ಸದ್ದಿಗೆ ಬರುವುದಾದರೆ ಆ ಜಗಳವನ್ನು ಪೂರ್ತಿ ಪಿಸುಮಾತಿನಲ್ಲಿ ಬರೆಯಿರಿ. ನಾನು ಆ ಇಬ್ಬರು ನಟರನ್ನೇ ಮತ್ತೆ ಕರೆಸಿ ಹಾಗೆ ಆಡಿಸಿ ನೋಡಿದೆ; ತಮ್ಮನ ಪಾತ್ರಧಾರಿ ಬೈಯುತ್ತಾ ಬೈಯುತ್ತಾ ತಾನಾಗಿಯೇ ಅಣ್ಣನ ಬಾಯಿಗೆ ಕೈ ಅಡ್ಡ ಹಿಡಿದುಬಿಟ್ಟ.