ಸೊಂಟನೋವಿಗೆ ಫಿಸಿಯೋಥೆರಪಿ ಬಿಟ್ಟು ಎರಡು ತಿಂಗಳು ಮಲೆನಾಡಿನಲ್ಲಿ ಇದ್ದು ಬಂದರೆ ಹೇಗೆ?

ಫಿಸಿಯೋಥೆರಪಿ ಸಾಕಾಗಿದೆ, ಚಿಕ್ಕಮಗಳೂರಿನ ಹೋಮ್‌ಸ್ಟೇಯಲ್ಲಿ ಹಸಿರು ನೋಡಿಕೊಂಡು ಇದ್ದರೆ ನೋವು ಹೋಗುತ್ತಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ಮೈಸೂರಿನವನು, ಹಾಗಾಗಿ ಮಲೆನಾಡಿನ ಬದಲು ಕುಕ್ಕರಹಳ್ಳಿ ಕೆರೆ ಹಿಡಿದೆ, ಅಷ್ಟೇ ವ್ಯತ್ಯಾಸ.

ನನ್ನದು ಅಕೌಂಟ್ಸ್ ಕೆಲಸ. ಮಾರ್ಚ್ ಬಂತು ಅಂದರೆ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ಆಮೇಲೆ ಎದ್ದರೂ ನಾಲ್ಕು ಹೆಜ್ಜೆ ಬಗ್ಗಿಕೊಂಡೇ ನಡೆಯಬೇಕಿತ್ತು. ಮೊದಲು ಹೋದ ಕ್ಲಿನಿಕ್‌ನಲ್ಲಿ ಕವುಚಿ ಮಲಗಿಸಿ, ಒದ್ದೆ ಪ್ಯಾಡ್ ಇಟ್ಟು 'ಕರೆಂಟ್' ಕೊಡುತ್ತಿದ್ದರು. ಬೆನ್ನ ಮೇಲೆ ಇರುವೆ ಸಾಲು ಹೋದಂತೆ ಜುಮ್ಮೆನ್ನುತ್ತಿತ್ತು. ಹಿತವಾಗಿತ್ತು, ಸುಳ್ಳು ಹೇಳಲ್ಲ. ಸಂಜೆಗೆ ನೋವು ವಾಪಸ್. ಹೋಗುವಾಗ ವ್ಯಾಯಾಮದ ಚಿತ್ರ ಇರುವ ಜೆರಾಕ್ಸ್ ಹಾಳೆ ಒಂದು ಕೊಟ್ಟಿದ್ದರು. ಅದು ಫ್ರಿಜ್ ಮೇಲೇ ಉಳಿಯಿತು.

ನಿಮಗೆ ಬೇಜಾರು ಬಂದಿರುವುದೂ ಇಂಥದ್ದರಿಂದಲೇ ಆದರೆ, ಅದನ್ನು ಧಾರಾಳವಾಗಿ ಬಿಡಿ. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಟ್ರಾಕ್ಷನ್ (ಸೊಂಟವನ್ನು ಎಳೆದು ಹಿಡಿಯುವುದು), ಅಲ್ಟ್ರಾಸೌಂಡ್ ಶಾಖ, ಸೊಂಟದ ಬೆಲ್ಟ್ ಇವನ್ನೆಲ್ಲ ಮಾಮೂಲಿ ಚಿಕಿತ್ಸೆಯಾಗಿ ಕೊಡಬೇಡಿ ಅಂತಲೇ ಇದೆ. ಕೊಡಿ ಅಂತ ಹೇಳಿದ್ದರಲ್ಲಿ ವ್ಯಾಯಾಮ ಇದೆ, ನೋವನ್ನು ಅರ್ಥಮಾಡಿಸುವ ಮಾತುಕತೆ ಇದೆ. ಅದೂ ಫಿಸಿಯೋಥೆರಪಿಯೇ ಅಲ್ವಾ? ನೀವು ಅದನ್ನು ಇನ್ನೂ ಶುರುವೇ ಮಾಡಿಲ್ಲ ಅಂತ ನನ್ನ ಅನುಮಾನ.

ಈಗ ಕೆರೆ ವಿಷಯ. ಕ್ಲಿನಿಕ್ ಬಿಟ್ಟು ದಿನಾ ಬೆಳಿಗ್ಗೆ ಏರಿ ಮೇಲೆ ಸ್ವಲ್ಪ ನಡೆದು, ಕೂತು ಬರುತ್ತಿದ್ದೆ. ನಿದ್ದೆ ಚೆನ್ನಾಗಿ ಬರತೊಡಗಿತು, ಮನಸ್ಸು ಹಗುರಾಯಿತು. ಒಂದು ಬೆಳಿಗ್ಗೆ ಎದ್ದಾಗ ನೋವೇ ಇಲ್ಲ. ಖುಷಿಯಲ್ಲಿ ಪೂರ್ತಿ ಸುತ್ತು ಹಾಕೋಣ ಅಂತ ಹೊರಟೆ. ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ನೀರಿನ ಮೇಲೆ ತೇಲುತ್ತಿದ್ದವು. ಒಂದು ಕೊಕ್ಕನ್ನು ನೀರಿಗೆ ಅದ್ದಿ, ಕೆಳಗಿನ ಚೀಲ ಜೋತಾಡಿಸುತ್ತಾ ನೀರು ಸೋಸಿ, ತಲೆ ಮೇಲೆತ್ತಿ ಮೀನು ನುಂಗಿತು. ಅದನ್ನೇ ನೋಡುತ್ತಾ ನಡೆದೆ. ಸೊಂಟ ಒಂದಿದೆ ಅನ್ನೋದೇ ಮರೆತುಹೋಯಿತು.

ಕೆರೆ ಸುತ್ತಿನ ಕಷ್ಟ ಏನು ಗೊತ್ತಾ? ಆ ದಾರಿ ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಅರ್ಧಕ್ಕೆ ಹೋಗಿ ಸಿಕ್ಕಿಕೊಂಡರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ. ಅಲ್ಲಿಗೆ ಆಟೋ ಬರಲ್ಲ. ಆಚೆ ದಡದಲ್ಲಿ ಸೊಂಟ ಹಿಡಿಯಿತು. ಕೂತೆ, ಏಳೋಕೆ ಆಗಲಿಲ್ಲ. ಗೊತ್ತಿಲ್ಲದ ಹಿರಿಯರೊಬ್ಬರು ತೋಳು ಕೊಟ್ಟು ಗೇಟಿನವರೆಗೆ ಕರೆತಂದರು. ಆಮೇಲೆ ಹಾಸಿಗೆ. ರಜೆ ಎಲ್ಲ ಮುಗಿದು ಸಂಬಳವೂ ಕಟ್ ಆಯಿತು. ಅದಕ್ಕಿಂತ ಕೆಟ್ಟದ್ದು ಅಂದರೆ, ನಡೆಯೋಕೇ ಹೆದರಿಕೆ ಶುರುವಾಯಿತು. ನಡೆದರೆ ಹೀಗಾಗುತ್ತೆ ಅಂತ ಮಲಗೇ ಇದ್ದೆ. ಮಲಗಿದಷ್ಟೂ ಕಾಲಿನ ಕಸುವು ಹೋಯಿತು.

ಎರಡನೇ ಫಿಸಿಯೋಥೆರಪಿಸ್ಟ್ ನನಗಿಂತ ತುಂಬಾ ಚಿಕ್ಕ ಹುಡುಗಿ. ಕಥೆ ಕೇಳಿ ನಕ್ಕರು. "ಸರ್, ನೋವಿರೋ ದಿನ ನೀವು ಹುಷಾರಾಗೇ ಇರ್ತೀರ. ಚೆನ್ನಾಗಿರೋ ದಿನಾನೇ ಕೈ ತಪ್ಪೋದು" ಅಂದರು. ಕೆಟ್ಟ ದಿನದಲ್ಲೂ ಎಷ್ಟು ನಿಮಿಷ ನಡೆಯಬಲ್ಲೆ ಅಂತ ಕೇಳಿ, ಅದಕ್ಕಿಂತ ಸ್ವಲ್ಪ ಕಮ್ಮಿ ಬರೆದುಕೊಟ್ಟರು: ಎಂಟು ನಿಮಿಷ. ನಾಲ್ಕು ಹೋಗೋಕೆ, ನಾಲ್ಕು ಬರೋಕೆ. ನೋವಿದ್ದರೂ ಎಂಟು, ಇಲ್ಲದಿದ್ದರೂ ಎಂಟೇ. ವಾರಕ್ಕೊಮ್ಮೆ ಒಂದೆರಡು ನಿಮಿಷ ಜಾಸ್ತಿ. ಇದನ್ನು ಅವರು ಪೇಸಿಂಗ್ ಅನ್ನುತ್ತಾರೆ. ಜೊತೆಗೆ ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಮಂಡಿಯೂರಿ ಒಂದು ಕೈ ಮತ್ತು ಎದುರು ಕಾಲು ಚಾಚುವುದು. ಫ್ರಿಜ್ ಮೇಲಿನ ಹಾಳೆಯಲ್ಲಿ ಇದ್ದದ್ದೂ ಇವೇ! ಈ ಸಲ ಅವರು ಎದುರಿಗೇ ಮಾಡಿಸಿ, ತಪ್ಪಿದ ಕಡೆ ಕೈಯಿಟ್ಟು ತಿದ್ದಿದರು.

ಹಸಿರಿನಿಂದ ಉಪಯೋಗ ಇಲ್ಲ ಅಂತ ನಾನು ಹೇಳುತ್ತಿಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ದಾಖಲೆ ನೋಡಿ ಬರೆದರು: ಪಿತ್ತಕೋಶದ ಆಪರೇಷನ್ ಆದವರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯನ್ನೂ ಕಮ್ಮಿ ತೆಗೆದುಕೊಂಡರು. ಚಿಕ್ಕ ಅಧ್ಯಯನ, ಆದರೆ ನನ್ನ ಅನುಭವಕ್ಕೆ ಸರಿಯಾಗಿ ಕೂರುತ್ತದೆ. ಹೆಜ್ಜಾರ್ಲೆ ನೋವು ಮರೆಸಿದ್ದು ನಿಜ. ಸೊಂಟಕ್ಕೆ ಬಲ ಬಂದಿರಲಿಲ್ಲ ಅನ್ನೋದನ್ನೂ ಮರೆಸಿಬಿಟ್ಟಿತು, ಅದೇ ತೊಂದರೆ. ಅದಕ್ಕೇ ಈಗ ಕೆರೆಗೆ ಹೋಗುವಾಗ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ. ಹೊಡೆದ ತಕ್ಷಣ ವಾಪಸ್, ಎದುರಿಗೆ ಎಂಥ ಹಕ್ಕಿ ಇದ್ದರೂ.

ನಡಿಗೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಒಂದು ಪ್ರಯೋಗ ನಡೆದು, 2024ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್ ಸಲಹೆಯಂತೆ ಹಂತಹಂತವಾಗಿ ನಡಿಗೆ ಹೆಚ್ಚಿಸಿದವರಿಗೆ ನೋವು ಮರಳುವ ಹೊತ್ತಿಗೆ ಸುಮಾರು 208 ದಿನ ಆಗಿತ್ತು, ಉಳಿದವರಿಗೆ 112. ನಡಿಗೆಯೂ ಇತ್ತು, ಹೇಳಿಕೊಡುವವರೂ ಇದ್ದರು. ಎರಡರಲ್ಲಿ ಒಂದು ಆರಿಸಿ ಅಂತ ನಿಮಗೆ ಯಾರು ಹೇಳಿದ್ದು?

ಕಾಲಿನ ಬಲ ಕುಗ್ಗುತ್ತಿದ್ದರೆ, ತೊಡೆ ಸಂದಿಯಲ್ಲಿ ಮರಗಟ್ಟಿದ್ದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ ಇದ್ಯಾವುದೂ ಬೇಡ, ಅವತ್ತೇ ಆಸ್ಪತ್ರೆಗೆ ಓಡಿ.

ಇಲ್ಲದಿದ್ದರೆ ಹೋಮ್‌ಸ್ಟೇ ಅಡ್ವಾನ್ಸ್ ವಾಪಸ್ ಕೇಳಿ. ಆ ದುಡ್ಡಿನಲ್ಲಿ, ಮುಟ್ಟಿ ನೋಡಿ ವ್ಯಾಯಾಮ ಮಾಡಿಸುವ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಕಿ. ಮೊದಲ ದಿನವೇ "ಮನೇಲಿ ನಾನೇನು ಮಾಡ್ಬೇಕು?" ಅಂತ ಕೇಳಿ. ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ. ಮನೆ ಹತ್ತಿರದ ಪಾರ್ಕಿನಲ್ಲಿ ನಡೆಯಿರಿ. ಮಲೆನಾಡಿಗೆ ಹೋಗಲೇಬೇಕು ಅಂದರೆ ಎರಡು ದಿನ ಹೋಗಿ ಬನ್ನಿ, ಬಸ್ಸಿನಲ್ಲಿ ಕೊನೇ ಸೀಟು ಮಾತ್ರ ಬೇಡ.