ಪ್ರಮಾಣಪತ್ರ ಸಿಕ್ಕಿತು, ಕೆಲಸ ಸಿಗಲಿಲ್ಲ

ಓದುಗರ ಪ್ರಶ್ನೆ: ನಮ್ಮ ಉತ್ತರ

ಕಸದ ಮರುಬಳಕೆಯನ್ನೇ ಜೀವನೋಪಾಯ ಮಾಡಿಕೊಳ್ಳಬಹುದೇ ಎಂದು ಕೇಳಿ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಹನ್ನೆರಡು ಮಂದಿಯ ಮಹಿಳಾ ಸ್ವಸಹಾಯ ಸಂಘ. ಕಳೆದ ವರ್ಷ ಒಂದು ಸಂಸ್ಥೆಯವರು ನಮ್ಮೂರಿಗೆ ಬಂದು ‘ಕಸದಿಂದ ರಸ’ ಎಂಬ ಹೆಸರಿನಲ್ಲಿ ಹದಿನೈದು ದಿನ ತರಬೇತಿ ಕೊಟ್ಟರು. ನೀರಿನ ಬಾಟಲಿಯಿಂದ ಹೂಕುಂಡ, ಹಳೆಯ ಬಳೆಯಿಂದ ತೋರಣ, ಪೇಪರಿನಿಂದ ಬುಟ್ಟಿ ಮಾಡುವುದನ್ನು ಕಲಿತೆವು. ಎಲ್ಲರಿಗೂ ಪ್ರಮಾಣಪತ್ರ ಕೊಟ್ಟು, ಫೋಟೊ ತೆಗೆದುಕೊಂಡು ಹೋದರು. ಜಾತ್ರೆಯಲ್ಲಿ ಅಂಗಡಿ ಇಟ್ಟೆವು. ನೋಡಿ ಹೊಗಳಿದವರೇ ಹೆಚ್ಚು, ಕೊಂಡವರು ಕಡಿಮೆ. ಉಳಿದ ಮಾಲು ಸಂಘದ ಕೋಣೆಯಲ್ಲಿ ದೂಳು ಹಿಡಿಯುತ್ತಿದೆ. ಈಗ ಬೇರೊಂದು ಸಂಸ್ಥೆಯವರು ತರಬೇತಿ ಕೊಡುತ್ತೇವೆ ಎಂದು ಬಂದಿದ್ದಾರೆ. ಸೇರಬೇಕೋ ಬೇಡವೋ ತಿಳಿಸಿ, ಸರ್.
– ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಉತ್ತರ: ಸೇರುವ ಮುನ್ನ ಆ ಸಂಸ್ಥೆಯವರನ್ನು ಒಂದು ಮಾತು ಕೇಳಿ, ತಾಯಿ: ‘ನಾವು ಮಾಡಿದ್ದನ್ನು ಯಾರು ಕೊಳ್ಳುತ್ತಾರೆ, ಯಾವ ದರಕ್ಕೆ, ತಿಂಗಳಿಗೆ ಎಷ್ಟು?’ ಇದಕ್ಕೆ ಅವರು ‘ಮಾರ್ಕೆಟಿಂಗ್ ನೀವೇ ನೋಡಿಕೊಳ್ಳಬೇಕು’ ಎಂದರೆ ಚಹಾ ಕೊಟ್ಟು ಕಳುಹಿಸಿಬಿಡಿ. ಮೊದಲ ತರಬೇತಿಯಲ್ಲಿ ತಪ್ಪಿದ್ದು ನಿಮ್ಮ ಕೈಯಲ್ಲ. ಹದಿನೈದು ದಿನಗಳಲ್ಲಿ ಕಲಿಸಲು ಯಾವುದು ಸುಲಭವೋ ಅದನ್ನು ಅವರು ಕಲಿಸಿದರೇ ಹೊರತು, ನಿಮ್ಮ ಪೇಟೆಯಲ್ಲಿ ಯಾವುದಕ್ಕೆ ಗಿರಾಕಿ ಇದೆ ಎಂದು ವಿಚಾರಿಸಲಿಲ್ಲ.

ಲೆಕ್ಕವನ್ನು ನೀವೇ ಹಾಕಿ ನೋಡಬಹುದು. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಬಾಟಲಿಯನ್ನು ತೊಳೆದು, ಕತ್ತರಿಸಿ, ಅಂಚು ಮಡಿಸಿ, ಬಣ್ಣ ಬಳಿದು ಒಣಗಿಸಲು ಒಂದು ಕುಂಡಕ್ಕೆ ಒಂದೂವರೆ ತಾಸು ಹಿಡಿಯುತ್ತದೆ ಎಂದುಕೊಂಡರೆ, ಎಂಟು ತಾಸಿನಲ್ಲಿ ಐದು ಕುಂಡ ಆದಾವು. ಅಂದರೆ ಒಂದು ಕುಂಡಕ್ಕೆ ಕೂಲಿಯೇ 74 ರೂಪಾಯಿ ಬೀಳಬೇಕು. ಬಣ್ಣ, ಅಂಟು, ಬಸ್ ಚಾರ್ಜು ಅದರ ಮೇಲೆ. ಅಷ್ಟು ಹಣಕ್ಕೆ ಗಿರಾಕಿ ಸಂತೆಯಲ್ಲಿ ಹೊಸ ಕುಂಡವನ್ನೇ ಕೊಳ್ಳುತ್ತಾನೆ. ಕಚ್ಚಾ ಮಾಲು ಪುಕ್ಕಟೆ ಸಿಕ್ಕಿತೆಂದು ನಾವು ಹಿಗ್ಗುತ್ತೇವೆ; ಹೆಂಗಸರ ದುಡಿಮೆಯನ್ನೂ ಅದರ ಜೊತೆಗೇ ಪುಕ್ಕಟೆ ಎಂದು ಬರೆದುಕೊಂಡಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಹಳೆಯ ವಸ್ತುವಿಗೆ ಹೊಸ ರೂಪ ಕೊಟ್ಟು ಬದುಕುವುದು ಆಗದ ಮಾತೇ ಎಂದರೆ, ಹಾಗೇನೂ ಇಲ್ಲ. ನಿಮ್ಮ ಕಡೆಯಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರದ ಮೇಲೆ ಪದರ ಹಾಸಿ ಕೌದಿ ಹೊಲಿಯುವುದನ್ನು ಯಾವ ಸಂಸ್ಥೆಯೂ ಬಂದು ಕಲಿಸಬೇಕಾಗಿಲ್ಲ. ಸಂಘದ ಹನ್ನೆರಡು ಮಂದಿಗೆ ಬಾರದಿದ್ದರೂ ಅವರ ಅತ್ತೆಯಂದಿರಿಗೆ ಬರುತ್ತದೆ. ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಒಂದು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ಸುತ್ತು ಹಾಕುತ್ತಾ ನಡುವಿಗೆ ಬಂದು ಮುಟ್ಟುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಕೂಡಿಸುತ್ತಾರೆ. ಅದಕ್ಕೆ ಅವರು ‘ಫೂಲಾ’ ಎನ್ನುತ್ತಾರೆ, ಅದಿಲ್ಲದೆ ಕೌದಿ ಪೂರ್ತಿಯಾದಂತಲ್ಲ. ಈ ಕೌದಿಗಳು ಇಂದು ಅಮೆರಿಕದ ವಸ್ತುಸಂಗ್ರಹಾಲಯದಲ್ಲೂ ಪ್ರದರ್ಶನ ಕಂಡಿವೆ. ಹೊದೆಯಲು ಬರುತ್ತದೆ, ಒಗೆದರೆ ಬಾಳುತ್ತದೆ, ಒಂದರಂತೆ ಇನ್ನೊಂದು ಇರುವುದಿಲ್ಲ ಎಂಬ ಕಾರಣಕ್ಕೆ ಜನ ಕೌದಿಗೆ ದುಡ್ಡು ಕೊಡುತ್ತಾರೆಯೇ ಹೊರತು ಹಳೆಯ ಬಟ್ಟೆಯ ಮೇಲಿನ ಕನಿಕರದಿಂದಲ್ಲ.

ಬಟ್ಟೆ ಚೀಲಕ್ಕೂ ಅವಕಾಶವಿದೆ. 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳಿಗೆ ದೇಶದಾದ್ಯಂತ ನಿಷೇಧವಿದೆ. ಕಟ್ಟುನಿಟ್ಟಾಗಿ ಜಾರಿಯಾಗಿದೆ ಎಂದು ನಾವೂ ಹೇಳುವುದಿಲ್ಲ, ನೀವೂ ನಂಬುವುದಿಲ್ಲ. ಆದರೂ ಊರಿನ ಎರಡು ಬಟ್ಟೆ ಅಂಗಡಿ, ಒಂದು ಬೀಜ-ಗೊಬ್ಬರದ ಅಂಗಡಿಯವರನ್ನು ಕಂಡು ‘ತಿಂಗಳಿಗೆ ಇಷ್ಟು ಚೀಲ’ ಎಂದು ಒಪ್ಪಿಸಿಕೊಂಡ ಮೇಲೆ ಹೊಲಿಗೆ ತರಬೇತಿಗೆ ಸೇರಿದರೆ, ಕಲಿತ ಮೊದಲ ವಾರವೇ ಕೈಯಲ್ಲಿ ಕೆಲಸ ಇರುತ್ತದೆ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಣ ಕಸದ ಘಟಕವನ್ನು ಕಟ್ಟಿಸಿದ್ದೇವೆ, ವಾಹನವೂ ಇದೆ. ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಕೂಟ) ನಾಲ್ವರು ಮಹಿಳೆಯರು ಕೆಲಸಕ್ಕೆ ಬಂದರು, ಐದು ತಿಂಗಳಿಗೆ ಇಬ್ಬರು ಬಿಟ್ಟರು. ಗುಜರಿಯವರು ಕೊಡುವ ದರದಲ್ಲಿ ಸಂಬಳ ಹೊರಡುವುದಿಲ್ಲ. ಇಂಥ ಘಟಕದಿಂದ ಎಷ್ಟು ಮಂದಿಗೆ ನಿಜವಾಗಿ ಕೆಲಸ ಕೊಡಬಹುದು?
– ಗ್ರಾಮ ಪಂಚಾಯಿತಿ ಸದಸ್ಯರು, ಶಿವಮೊಗ್ಗ ಜಿಲ್ಲೆ

ಉತ್ತರ: ಎಷ್ಟು ಮಂದಿ ಎಂಬುದನ್ನು ನಿಮ್ಮ ತಕ್ಕಡಿಯೇ ಹೇಳಬೇಕು. ಒಂದು ವಾರ ದಿನವೂ ಬಂದ ಒಣ ಕಸವನ್ನು ಬಗೆ ಬಗೆಯಾಗಿ ತೂಗಿ ಬರೆದಿಡಿ. ಆ ಪುಸ್ತಕವಿಲ್ಲದೆ ನೇಮಕ ಮಾಡಿದ್ದರಿಂದಲೇ ಬಹಳ ಪಂಚಾಯಿತಿಗಳು ನಿಮ್ಮ ಸ್ಥಿತಿಗೆ ಬಂದಿವೆ.

ಎರಡನೆಯದಾಗಿ, ಮಾರಾಟದಿಂದಲೇ ಸಂಬಳ ಹೊರಡಬೇಕೆಂಬ ನಿರೀಕ್ಷೆಯೇ ಸರಿಯಲ್ಲ. ಸ್ವಚ್ಛ ಭಾರತ ಅಭಿಯಾನದ (ಗ್ರಾಮೀಣ) ಎರಡನೇ ಹಂತದಲ್ಲಿ ಘನತ್ಯಾಜ್ಯಕ್ಕೆಂದು 5,000ದವರೆಗಿನ ಜನಸಂಖ್ಯೆಯ ಹಳ್ಳಿಗೆ ತಲೆಗೆ 60 ರೂಪಾಯಿ, ಅದಕ್ಕಿಂತ ದೊಡ್ಡ ಹಳ್ಳಿಗೆ 45 ರೂಪಾಯಿ, ಪ್ಲಾಸ್ಟಿಕ್ ಘಟಕಕ್ಕೆ ಪ್ರತಿ ತಾಲ್ಲೂಕಿಗೆ 16 ಲಕ್ಷ ರೂಪಾಯಿವರೆಗೆ ಎಂದು ನಿಗದಿ ಮಾಡಿದ್ದು ಸೌಕರ್ಯ ಕಟ್ಟಿಕೊಳ್ಳುವುದಕ್ಕೆ. ದಿನನಿತ್ಯದ ಖರ್ಚಿಗೆ ಮನೆ ಮತ್ತು ಅಂಗಡಿಗಳ ಶುಲ್ಕ, ಪಂಚಾಯಿತಿಯ ಸ್ವಂತ ನಿಧಿ, ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೆ ಮೀಸಲಾದ ಪಾಲು, ಇವು ಬೇಕು. 15ನೇ ಹಣಕಾಸು ಆಯೋಗವು ಪಂಚಾಯಿತಿ ಅನುದಾನದ ಶೇ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು ಇಂಥ ಖರ್ಚನ್ನು ಗಮನದಲ್ಲಿಟ್ಟುಕೊಂಡೇ. ಬೀದಿದೀಪ ಉರಿಸುವುದರಿಂದ ಲಾಭ ಬರಲಿ ಎಂದು ಯಾವ ಪಂಚಾಯಿತಿಯೂ ಕೇಳುವುದಿಲ್ಲ. ಕಸ ಎತ್ತುವ ಹೆಂಗಸರಿಂದ ಮಾತ್ರ ಲಾಭ ಕೇಳುತ್ತೇವೆ.

ಆದರೆ ಮಾರಾಟದ ದರ ಹೆಚ್ಚಿಸಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ, ತರಬೇತಿಯ ಬೆಲೆ ತಿಳಿಯುವುದೂ ಅಲ್ಲೇ. ‘ಮಿಕ್ಸು’ ಎಂದು ಗುಡ್ಡೆ ಹಾಕಿ ಕೊಟ್ಟರೆ ಗುಜರಿಯವರು ಅದರೊಳಗಿನ ಅತಿ ಕೀಳು ಮಾಲಿನ ದರವನ್ನೇ ಕಟ್ಟುತ್ತಾರೆ. ಒಂದು ಬಕೆಟ್ ನೀರು ಇಟ್ಟುಕೊಂಡು ಮಾಡುವ ಪಾಠವೊಂದಿದೆ. ನೀರಿನ ಬಾಟಲಿಯ ಒಂದು ತುಂಡನ್ನು ನೀರಿಗೆ ಹಾಕಿ: ಅದು ಪೆಟ್ ಪ್ಲಾಸ್ಟಿಕ್, ಮುಳುಗುತ್ತದೆ. ಅದೇ ಬಾಟಲಿಯ ಮುಚ್ಚಳವನ್ನು ಕತ್ತರಿಸಿ ಹಾಕಿ, ತೇಲುತ್ತದೆ. ಅದು ಬೇರೆಯೇ ಜಾತಿಯ ಪ್ಲಾಸ್ಟಿಕ್. ಶಾಂಪೂ ಡಬ್ಬಿ, ಹಾಲಿನ ಕವರು, ಮುರಿದ ಬಕೆಟ್ಟುಗಳೂ ಸಾಮಾನ್ಯವಾಗಿ ತೇಲುವ ಗುಂಪಿನವು. ಪೈಪು ಮಾಡುವ ಪಿವಿಸಿಯೂ ಪೆಟ್‌ನಂತೆಯೇ ಮುಳುಗಿ ಮೋಸ ಮಾಡುತ್ತದೆ. ಪೆಟ್ ಕರಗಿಸುವ 260 ಡಿಗ್ರಿ ಆಸುಪಾಸಿನ ಶಾಖಕ್ಕೆ ಪಿವಿಸಿ ಒಡೆದು ಆಮ್ಲ ಬಿಡುತ್ತದೆ, ಇಡೀ ಮಾಲು ಹಳದಿಗಟ್ಟುತ್ತದೆ. ದೊಡ್ಡ ಕೊಳ್ಳುಗರು ಬೇಲ್ (ಒತ್ತಿ ಕಟ್ಟಿದ ಮಾಲಿನ ಹೊರೆ) ಬಿಚ್ಚಿಸಿ ನೋಡುವುದು ಇದೇ ಭಯಕ್ಕೆ. ಡಬ್ಬಿಯ ತಳದ ತ್ರಿಕೋನದೊಳಗಿನ ಅಂಕಿಯಲ್ಲಿ 1 ಎಂದರೆ ಪೆಟ್, 3 ಎಂದರೆ ಪಿವಿಸಿ ಎಂದು ಓದಲು ಕಲಿತ, ಮುಚ್ಚಳ ಬೇರೆ ಬಾಟಲಿ ಬೇರೆ ಮಾಡುವ ಹೆಂಗಸಿನ ಕೈಯಲ್ಲಿ ಅದೇ ಕಸಕ್ಕೆ ಬೇರೆ ದರ ಬರುತ್ತದೆ.

ಬಿಸ್ಕತ್ತು, ಚಿಪ್ಸ್ ಪೊಟ್ಟಣದಂಥ ಪದರ ಪದರದ ಪ್ಲಾಸ್ಟಿಕ್ಕನ್ನು ಎಷ್ಟೇ ಚೆನ್ನಾಗಿ ವಿಂಗಡಿಸಿದರೂ ಕೊಳ್ಳುವವರಿಲ್ಲ. ಅದು ಸಾಮಾನ್ಯವಾಗಿ ಹೋಗುವುದು ಕಲಬುರಗಿ ಕಡೆಯಲ್ಲಿರುವಂಥ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ. ಅಲ್ಲಿಗೆ ಒಂದು ಲಾರಿ ತುಂಬುವಷ್ಟು ಮಾಲು ಒಂದು ಪಂಚಾಯಿತಿಯಲ್ಲಿ ತಿಂಗಳಾದರೂ ಕೂಡುವುದಿಲ್ಲ. ಆದ್ದರಿಂದಲೇ ಕರಾವಳಿಯಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಂದೆಡೆ ತಂದು, ಕನ್ವೇಯರ್ ಬೆಲ್ಟ್ ಮೇಲೆ ವಿಂಗಡಿಸಿ, ಬೇಲ್ ಕಟ್ಟಿ ಮಾರುವ ಸಾಮಗ್ರಿ ಮರುಬಳಕೆ ಕೇಂದ್ರಗಳನ್ನು ಮಾಡಿದ್ದಾರೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಒಂದಿದೆ, ಮಂಗಳೂರು ತಾಲ್ಲೂಕಿನ ತೆಂಕ ಎಡಪದವಿನಲ್ಲಿ ಇನ್ನೊಂದಿದೆ. ಒಮ್ಮೆ ನಿಮ್ಮ ಒಕ್ಕೂಟದವರನ್ನು ಕರೆದುಕೊಂಡು ಹೋಗಿ ತೋರಿಸಿ. ಅಕ್ಕಪಕ್ಕದ ಹತ್ತು ಪಂಚಾಯಿತಿ ಕೂಡಿದರೆ ನಿಮ್ಮಲ್ಲೂ ವಿಂಗಡಣೆ, ಬೇಲ್ ಕಟ್ಟುವಿಕೆ, ಲೆಕ್ಕಪತ್ರ, ವಾಹನ ಚಾಲನೆ ಎಂದು ಬೇರೆ ಬೇರೆ ಕೆಲಸಗಳು ಹುಟ್ಟುತ್ತವೆ. ಕಸ ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ ವಾಹನವನ್ನು ಸಂಘದ ಮಹಿಳೆಯರೇ ಓಡಿಸುವುದು ನಮ್ಮ ರಾಜ್ಯದಲ್ಲಿ ಈಗ ಹೊಸತಲ್ಲ.

ಆ ಇಬ್ಬರು ಏಕೆ ಬಿಟ್ಟರು ಎಂದು ನೀವು ಬರೆದಿಲ್ಲ. ಸಂಬಳವಲ್ಲದೆ ಇನ್ನೊಂದು ಕಾರಣವೂ ಇದ್ದೀತು: ಒಣ ಕಸದ ಚೀಲದಲ್ಲಿ ಬರುವ ಡೈಪರು, ಸ್ಯಾನಿಟರಿ ಪ್ಯಾಡು, ಒಡೆದ ಗಾಜು. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಡೈಪರು, ಪ್ಯಾಡುಗಳನ್ನು ಮನೆಯವರೇ ಸುತ್ತಿ ಬೇರೆಯಾಗಿ ಕೊಡಬೇಕು. ಪಂಚಾಯಿತಿ ಸದಸ್ಯರು ಒಂದು ದಿನ ವಿಂಗಡಣೆ ಮೇಜಿನ ಮುಂದೆ ಕುಳಿತರೆ ಆ ನಿಯಮ ಊರಿನಲ್ಲಿ ತಾನಾಗಿಯೇ ಜಾರಿಯಾದೀತು.

ಪ್ರಶ್ನೆ: ನಮ್ಮಮ್ಮ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಚಿಂದಿ ಆಯ್ದು ನಮ್ಮನ್ನು ಸಾಕಿದ್ದಾರೆ. ಈಗ ‘ಹಸಿರು ಉದ್ಯೋಗ’ದ ತರಬೇತಿಗೆ ಬರುವಂತೆ ಅವರನ್ನೂ ಕರೆಯುತ್ತಿದ್ದಾರೆ. ಅಮ್ಮ ಅಲ್ಲಿಗೆ ಹೋಗಿ ಕಲಿಯುವುದೇನಿದೆ?
– ಪದವಿ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಕೈಕೆಲಸದಲ್ಲಿ ಕಲಿಯುವುದು ಏನೂ ಇರಲಾರದು, ಅಲ್ಲಿ ಪಾಠ ಹೇಳಬೇಕಾದವರೇ ಅವರು. ಕವರನ್ನು ಮುಟ್ಟಿ, ಮುದುಡಿ, ಅದರ ಸದ್ದು ಕೇಳಿಯೇ ಯಾವ ಬಗೆಯದೆಂದು ಹೇಳುವ ವಿದ್ಯೆ ಇಪ್ಪತ್ತು ವರ್ಷ ಬೀದಿಯಲ್ಲಿ ಕಲಿತದ್ದು. ಆದರೂ ಕಳುಹಿಸಿ, ಏಕೆಂದರೆ ಕಾಗದಪತ್ರದ ಲಾಭ ಬೇರೆ. ಇರುವ ಕೌಶಲವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆ ಇದೆ. 2015ರಲ್ಲಿ ಸ್ಥಾಪನೆಯಾದ ಹಸಿರು ಉದ್ಯೋಗಗಳ ಕೌಶಲ ಮಂಡಳಿಯು ಒಣ ಕಸ ಸಂಗ್ರಹ ಮತ್ತು ವಿಂಗಡಣೆಯನ್ನು ಒಂದು ವೃತ್ತಿಯಾಗಿಯೇ ಗುರುತಿಸಿದೆ. ಒಳಚರಂಡಿ ಕಾರ್ಮಿಕರ ಸುರಕ್ಷತೆಗೆಂದು ಕೇಂದ್ರ ತಂದ ನಮಸ್ತೆ ಯೋಜನೆಯ ವ್ಯಾಪ್ತಿಗೆ 2024ರಿಂದ ತ್ಯಾಜ್ಯ ಆಯುವವರನ್ನೂ ಸೇರಿಸಿದ್ದಾರೆ.

ನಿಮ್ಮ ಊರು ಈ ವಿಷಯದಲ್ಲಿ ಮುಂದೆಯೇ ಇದೆ. ತ್ಯಾಜ್ಯ ಆಯುವವರಿಗೆ ಪಾಲಿಕೆಯೇ ಗುರುತಿನ ಚೀಟಿ ಕೊಡುವ ಕೆಲಸ ಬೆಂಗಳೂರಿನಲ್ಲಿ 2011ರಲ್ಲೇ ಶುರುವಾಯಿತು. ತ್ಯಾಜ್ಯ ಆಯುವವರ ಪರವಾದ ಹಸಿರು ದಳದಂಥ ಸಂಘಟನೆ ಬೆಳೆದದ್ದು ಆ ಚೀಟಿಗಾಗಿ ನಡೆದ ಹೋರಾಟದಿಂದ. ಬೀದಿಯಲ್ಲಿ ಆಯುತ್ತಿದ್ದವರು ಇಂದು ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರ ನಡೆಸುತ್ತಾ ನಾಲ್ಕಾರು ಮಂದಿಗೆ ಸಂಬಳ ಕೊಡುತ್ತಿರುವ ಉದಾಹರಣೆಗಳಿವೆ. ಅಮ್ಮ ಅಲ್ಲಿಗೆ ತಲುಪಬೇಕಾದರೆ ಬೇಕಾದ ಪಾಠ ಖರೀದಿ ಪುಸ್ತಕ ಬರೆಯುವುದು, ಬ್ಯಾಂಕ್ ವ್ಯವಹಾರ ಮಾಡುವುದು, ಪಾಲಿಕೆಯ ಕರಾರನ್ನು ಓದಿ ಅರ್ಥ ಮಾಡಿಕೊಳ್ಳುವುದು. ಆ ಮೂರನ್ನೂ ಮನೆಯಲ್ಲೇ ಕಲಿಸಲು ಪದವಿ ಓದುತ್ತಿರುವ ಮಗ ಇದ್ದಾನಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಪುಡಿ ಮಾಡಿ ಗುಳಿಗೆ ತಯಾರಿಸುವ ಯಂತ್ರ ಹಾಕಬೇಕೆಂದಿದ್ದೇನೆ. ಸಾಲಕ್ಕೆ ಯಾವ ಯೋಜನೆ ಇದೆ? ತರಬೇತಿ ಎಲ್ಲಿ ಸಿಗುತ್ತದೆ?
– ಗೃಹಿಣಿ, ತುಮಕೂರು ಜಿಲ್ಲೆ

ಉತ್ತರ: ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಅವಕಾಶವಿದೆ. ಗ್ರಾಮೀಣ ಮಹಿಳೆಯರಿಗೆ ಶೇ 35 ಸಹಾಯಧನ, ಸ್ವಂತ ಬಂಡವಾಳ ಶೇ 5 ಸಾಕು. 10 ಲಕ್ಷ ಮೀರಿದರೆ ಎಂಟನೇ ತರಗತಿ ತೇರ್ಗಡೆಯಾಗಿರಬೇಕು. ಸಹಾಯಧನದ ಅಂಕಿ ಕಂಡು ಯಂತ್ರಕ್ಕೆ ಮುಂಗಡ ಕೊಟ್ಟುಬಿಡಬೇಡಿ. ಈ ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ತೊಳೆದ ಕೊಳಕು ನೀರಿಗೆ ವ್ಯವಸ್ಥೆ ಬೇಕು, ದಿನವೂ ಒಂದೇ ಬಗೆಯ ಸ್ವಚ್ಛ ಮಾಲು ಬರುತ್ತಿರಬೇಕು. ಮೂರನೆಯದು ಸಿಗದೆ ನಿಂತ ಯಂತ್ರಗಳೇ ಹೆಚ್ಚು. ಮೊದಲೊಂದು ವರ್ಷ ವಿಂಗಡಿಸಿದ ಮಾಲನ್ನು ಕೊಂಡು ಮಾರುವ ವ್ಯಾಪಾರ ಮಾಡಿ ನೋಡಿ.

ತರಬೇತಿಗೆ ನಿಮ್ಮ ಜಿಲ್ಲೆಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯ ಮಾದರಿಯನ್ನೇ ಅನುಸರಿಸಿ ಬ್ಯಾಂಕುಗಳು ದೇಶದುದ್ದಕ್ಕೂ ಇವನ್ನು ನಡೆಸುತ್ತಿವೆ. ಊಟ, ವಸತಿ ಉಚಿತ. ತರಬೇತಿ ಮುಗಿದ ಮೇಲೆ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗಿದ್ದು ವಿಚಾರಿಸಬೇಕೆಂಬ ಕ್ರಮ ಅಲ್ಲಿದೆ. ಸೇರುವಾಗಲೇ ಆ ಮಾತನ್ನು ನೆನಪಿಸಿ, ನಿಮ್ಮನ್ನು ನೋಡಿಕೊಳ್ಳುವವರ ಫೋನ್ ನಂಬರ್ ಬರೆದುಕೊಳ್ಳಿ.